ನಾನು ಸಾಕಿದ ರುವೇನಿ

೧೯೭೪ ಮಾರ್ಚ್ ೯
ಬೆಳಗಿನ ಡ್ಯೂಟಿ. ಎರಡು ಹೆರಿಗೆ, ಎರಡೂ ಹೆಣ್ಣು. ಮನೆಗೆ ಬಂದರೆ ರುವೇನಿ ಅಡುಗೆಮನೆಯಲ್ಲಿ, ಸಮವಸ್ತ್ರದಲ್ಲೇ. ಈಗ ಮೇಜರ್ — ಆದರೂ ತೆಂಗಿನಹಾಲಿನಲ್ಲಿ ಬೇಯಿಸಿದ ಕೆಸುವಿನ ಸೊಪ್ಪನ್ನು ಪಾತ್ರೆಯಿಂದಲೇ ತಿನ್ನುತ್ತಾನೆ. ಅವನ ತಾಯಿ, ನನ್ನ ಚಿಕ್ಕಮ್ಮ, ಸತ್ತಾಗ ಅವನಿಗೆ ನಾಲ್ಕು ವರ್ಷ, ನನಗೆ ಹದಿನಾರು. ಅಂದಿನಿಂದ ಅಕ್ಕನೂ ನಾನೇ, ಅಮ್ಮನೂ ನಾನೇ.
“ತಟ್ಟೆ ಇಲ್ವೇನೋ?”
“ತಟ್ಟೇಲಿ ಹಾಕ್ಕೊಂಡ್ರೆ ನಿನ್ ಕೈ ರುಚಿ ಹೋಗುತ್ತಕ್ಕ.”
ಅಪೆನಿಸಾ ನಕ್ಕ. ದ್ವೀಪಕ್ಕೆಲ್ಲ ರೇಡಿಯೊದಲ್ಲಿ ವಾರ್ತೆ ಓದುವ ನನ್ನ ಗಂಡ ಮನೆಯಲ್ಲಿ ಮಾತಾಡುವುದು ಕಡಿಮೆ.

ಮಾರ್ಚ್ ೨೧, ಬೆಳಿಗ್ಗೆ ೭
ಸೈನ್ಯ ಅಧಿಕಾರ ಹಿಡಿಯಿತು. ಪ್ರಧಾನಿಯನ್ನು ಹಡಗು ಹತ್ತಿಸಿದರಂತೆ. ರುವೇನಿ ಈಗ ಅಧ್ಯಕ್ಷ! ಘೋಷಣೆ ಓದಿದ್ದು ಅಪೆನಿಸಾ. ರುವೇನಿಯೇ ಸ್ಟುಡಿಯೊಗೆ ಬಂದು ಕಾಗದ ಕೊಟ್ಟನಂತೆ — “ನೀವು ಓದಿ ಭಾವ. ನಿಮ್ ದನಿ ಕೇಳಿದ್ರೆ ಜನ ಹೆದರಲ್ಲ.”
ನನಗೆ ಹೆಮ್ಮೆಯಾಯಿತು. ಬರೆದಿಡುತ್ತೇನೆ. ಆಮೇಲೆ ಇಲ್ಲ ಅನ್ನಬಾರದು.

೧೯೭೬ ಆಗಸ್ಟ್ ೨
ಬಂದರಿನಲ್ಲಿ ಗುಂಡು. ಮುಷ್ಕರ ಹೂಡಿದ ಕೂಲಿಗಳ ಮೇಲೆ. ಆಸ್ಪತ್ರೆಗೆ ಹನ್ನೊಂದು ಹೆಣ. ಕಾಲಿನ ಹೆಬ್ಬೆರಳಿಗೆ ಚೀಟಿ ಕಟ್ಟಿದವಳು ನಾನು. ಒಬ್ಬನ ಹೆಂಡತಿ ಇನ್ನೂ ನನ್ನ ವಾರ್ಡಿನಲ್ಲೇ ಇದ್ದಾಳೆ, ಹಸಿ ಬಾಣಂತಿ.
ಆಜ್ಞೆ ರುವೇನಿಯದು. ಬಂದರಿನಲ್ಲಿ ಖುದ್ದು ನಿಂತೇ ಕೊಟ್ಟನಂತೆ.
ಮನೆಗೆ ಬಂದು ಅಪೆನಿಸಾಗೆ ಅಷ್ಟೂ ಹೆಸರು ಹೇಳಿದೆ. ಹೇಳದೆ ಇರಬಹುದಿತ್ತು…

ಆಗಸ್ಟ್ ೩
‘ಬಂದರಿನಲ್ಲಿ ಯಾರೂ ಸತ್ತಿಲ್ಲ’ ಎಂದು ಓದಲು ಕಾಗದ ಕೊಟ್ಟಿದ್ದರು. ಅಪೆನಿಸಾ ಓದಿದ್ದು ಹನ್ನೊಂದು ಹೆಸರು. ನಿಧಾನವಾಗಿ, ಅವರವರ ಊರಿನ ಸಮೇತ. ವಾರ್ಡಿನಲ್ಲಿ ಎಲ್ಲರೂ ಕೇಳಿದೆವು. ಕೊನೆಯ ಹೆಸರಾದ ಮೇಲೆ ರೇಡಿಯೊ ಬರೀ ಗೊರಗೊರ.
ಮನೆಗೆ ಬರಲಿಲ್ಲ.

ಆಗಸ್ಟ್ ೧೦
ಅಪೆನಿಸಾನನ್ನು ಬಿಡು ಅಂತ ಕೇಳಲು ರುವೇನಿಯ ಬಂಗಲೆಗೆ ಹೋಗಿದ್ದೆ. ನನ್ನ ಕಂಡು ಎದ್ದು ನಿಂತ. ಟೀ ತಾನೇ ಬಗ್ಗಿಸಿದ.
“ಅದೊಂದ್ ಬಿಟ್ಟು ಏನ್ ಬೇಕಾದ್ರೂ ಕೇಳಕ್ಕ.”
“ಅದೊಂದೇ ಬೇಕು.”
“ಭಾವನ್ನ ಬಿಟ್ರೆ ನಾಳೆ ಎಲ್ರೂ ಬಾಯಿ ಬಿಡ್ತಾರೆ.”
“ನಾನೂ ಬಿಡ್ತೀನಿ. ನನ್ನೂ ಎಳ್ಕೊಂಡ್ ಹೋಗು!”
ಅವನ ಕಣ್ಣಲ್ಲಿ ನೀರು ಬಂತು. ನಿಜವಾದ ನೀರು. ಅದನ್ನು ಕಂಡೇ ನನಗೆ ಭಯವಾದದ್ದು.

೧೯೭೯ ಡಿಸೆಂಬರ್ ೨೫
ಈ ವರ್ಷ ರುವೇನಿ ಆಜೀವ ಅಧ್ಯಕ್ಷ. ಪಾದ್ರಿ ಪ್ರಾರ್ಥನೆಯಲ್ಲಿ ಅವನ ಹೆಸರು ಬಿಟ್ಟರು, ಭಾನುವಾರದಿಂದ ಕಾಣೆ. ನಮ್ಮ ಬೀದಿಯಲ್ಲೇ ನಾಲ್ಕು ಮನೆ ಖಾಲಿ.
ಮೀನುಗಾರನೊಬ್ಬ ಸೆರೆದ್ವೀಪದಿಂದ ಚೀಟಿ ತಂದ. ಅಪೆನಿಸಾನ ಅಕ್ಷರ. ‘ಮುಂಡುಗದ ಎಲೆಯಲ್ಲಿ ಚಾಪೆ ನೇಯಲು ಕಲಿತೆ. ನಗಬೇಡ.’
ನಕ್ಕೆ. ಬಹಳ ಹೊತ್ತು. ಬಾಗಿಲು ಹಾಕಿಕೊಂಡು.

೧೯೮೩ ಜೂನ್ ೧೪
ಕಾಣೆಯಾದವರ ಮನೆಯ ಹೆಂಗಸರೆಲ್ಲ ಚರ್ಚಿನಿಂದ ಬಂಗಲೆಗೆ ನಡೆದೆವು. ಸೈನಿಕರು ಬಂದೂಕು ಎತ್ತಿದರು. ಸಾಲಿನಲ್ಲಿ ನಮ್ಮ ಬೀದಿಯ ಸಕಾರಿಯಾ. ಅವನ ತಾಯಿ ನನ್ನ ಪಕ್ಕದಲ್ಲೇ ಇದ್ದಳು. “ಇಳಿಸೋ ಅದನ್ನ! ಮನೇಗೆ ಊಟಕ್ಕೆ ಬರಲ್ವಾ ನೀನು?”
ಇಳಿಸಿದ. ಪಕ್ಕದವನೂ ಇಳಿಸಿದ. ಆಮೇಲೆ ಸಾಲಿಗೆ ಸಾಲೇ.
ಮಧ್ಯಾಹ್ನ ರುವೇನಿ ದೋಣಿ ಇಡುವ ಕೊಟ್ಟಿಗೆಯಲ್ಲಿ ಸಿಕ್ಕಿಬಿದ್ದನಂತೆ. ಬರಿಗಾಲಲ್ಲಿ.

ಜೂನ್ ೧೭
ಅಪೆನಿಸಾ ಬಂದ!! ದೋಣಿಯಿಂದ ಎತ್ತಿ ಇಳಿಸಬೇಕಾಯಿತು. ಗಂಟಲಿಗೆ ಏನು ಮಾಡಿದರೋ — ದನಿಯೇ ಇಲ್ಲ, ಪಿಸುಮಾತು ಅಷ್ಟೇ.
“ಸೊರಗಿದೀಯ ಸೆಲೂ.”
ತಾನು ಕಡ್ಡಿಯಂತಿದ್ದಾನೆ, ನನಗೆ ಹೇಳುತ್ತಾನೆ! ಜೀಗುಜ್ಜೆ ಕಾಯಿ ಸುಟ್ಟು, ಹಿಸುಕಿ, ತುತ್ತು ಮಾಡಿ ಕೊಟ್ಟೆ. ಒಂದೊಂದು ತುತ್ತಿಗೂ ನನ್ನ ಮುಖ ನೋಡುತ್ತಿದ್ದ.

೧೯೮೪ ಫೆಬ್ರವರಿ ೫
ರುವೇನಿ ಸೆರೆಮನೆಯಲ್ಲಿ ಸತ್ತ. ಜ್ವರ. ವಿಚಾರಣೆ ಇನ್ನೂ ಅರ್ಧ. ಹೆಣ ನಮ್ಮ ಆಸ್ಪತ್ರೆಯಲ್ಲಿದೆ, ತೊಳೆಯಲು ಯಾರೂ ಒಪ್ಪುತ್ತಿಲ್ಲ. ಬಂಧು ಅಂತ ಉಳಿದವಳು ನಾನೊಬ್ಬಳು. ಒಲ್ಲೆ ಅಂದು ಬಂದೆ.
“ತೊಳಿ,” ಅಂದ ಅಪೆನಿಸಾ.
“ನಿನ್ನ ಈ ಗತಿಗೆ ತಂದೋನು!”
“ಗೊತ್ತು. ಆದ್ರೆ ತೊಳೀದೆ ಇದ್ರೆ ನೀನು ನಿದ್ದೆ ಮಾಡಲ್ಲ. ಅತ್ರೂ ಪರವಾಗಿಲ್ಲ. ನಾನು ಹೊರಗೆ ಕೂತಿರ್ತೀನಿ.”

ಫೆಬ್ರವರಿ ೬
ತೊಳೆದೆ. ಬಲ ಮೊಣಕಾಲಲ್ಲಿ ಹಳೇ ಕಲೆ — ಏಳು ವರ್ಷದವನಿದ್ದಾಗ ಹವಳದ ಬಂಡೆ ಕೊಯ್ದದ್ದು. ಅವತ್ತು ಹೆಗಲ ಮೇಲೆ ಹೊತ್ತು ತಂದಿದ್ದೆ. ಉಗುರು ಉದ್ದ ಬೆಳೆದಿದ್ದವು, ಕತ್ತರಿಸಿದೆ. ಕ್ಷಮಿಸಲಿಲ್ಲ. ಕಣ್ಣು ಒದ್ದೆಯಾಗಲಿಲ್ಲ.
ಹೊರಗೆ ಬಿಸಿಲಲ್ಲಿ ಬೆಂಚಿನ ಮೇಲೆ ಅಪೆನಿಸಾ. ಮೂರು ತಾಸಿನಿಂದ ಕೂತಿದ್ದನಂತೆ.
“ಅತ್ತುಬಿಟ್ಯಾ?”
ಇಲ್ಲವೆಂದು ತಲೆಯಾಡಿಸಿದೆ. ನನ್ನ ಕೈ ಇನ್ನೂ ಒದ್ದೆ. ತನ್ನ ಅಂಗಿಯ ಅಂಚಿನಿಂದ ಒಂದೊಂದೇ ಬೆರಳು ಒರೆಸಿದ. ಕಿರುಬೆರಳಿಗೆ ಬರುವಷ್ಟರಲ್ಲಿ ನಾನು ಅಳುತ್ತಿದ್ದೆ.