ವೆಲ್ ಫರ್ನಿಷ್ಡ್

ಮಾರ್ಚ್ 18, ಮಂಗಳವಾರ, ಬೆಳಗ್ಗೆ

…ಅದಕ್ಕೇ ಹೇಳಿದ್ದು, ಬಾವಿ ಮುಚ್ಚಿದರೆ ಒಳ್ಳೆ ಬಾಡಿಗೆದಾರರು ಬರುತ್ತಾರೆ ಅನ್ನುವುದು ಎಲ್ಲಿಯ ಲಾಜಿಕ್? ನಿನ್ನೆ ನರಸೀಪುರದಿಂದ ಅಳಿಯ ನಂಜೇಶನ ಫೋನು. "ಮಾವ, ಈಗ ಕಾರಿಲ್ಲದವ್ರು ಯಾರವ್ರೆ? ಬಾವಿ ಮುಚ್ಚಿ ಪಾರ್ಕಿಂಗ್ ಮಾಡ್ಸಾಣ." ಭಾನುವಾರದೊಳಗೆ ಹಿತ್ತಲ ಮನೆಗೆ ಜನ ಸಿಕ್ಕಿದರೆ ಬಾವಿ ಉಳಿಯಿತು. ಇಲ್ಲದಿದ್ದರೆ ಮಣ್ಣು. ಹೂಂ ಅಂದುಬಿಟ್ಟೆ. ಮಾತು ಕೊಟ್ಟಾಯಿತು.

ನನ್ನವಳು ಸಿದ್ದಲಿಂಗಮ್ಮ ಬದುಕಿದ್ದಿದ್ದರೆ ಅಳಿಯನನ್ನೇ ಬಾವಿಗೆ ಇಳಿಸುತ್ತಿದ್ದಳು. ಮೂವತ್ತು ವರ್ಷ ಸೇದಿದವಳು. ನಲ್ಲಿ ನೀರಿಗೆ ಬೇಳೆ ಬೇಯುವುದಿಲ್ಲ ಅಂತ ಹಟ.

ಪೇಂಟರ್ ಮಂಟೇಸ್ವಾಮಿ ಬಂದ. ಗೋಡೆಗೆ ತಿಳಿ ಹಸಿರು. ಬಾವಿಗೆ ಹೊಸ ರಾಟೆ, ಹೊಸ ಹಗ್ಗ, ಮೇಲೊಂದು ಕಬ್ಬಿಣದ ಜಾಲರಿ. ಮದುವಣಗಿತ್ತಿ ಹಾಗೆ ಕಾಣುತ್ತಿದೆ.

ಅದೇ ದಿನ, 4 ಗಂಟೆ

ಬೋರ್ಡ್ ಬರೆಸಿದೆ. ಇಂಗ್ಲಿಷಿನಲ್ಲೇ — ಆಫೀಸಿನವರ ಕಣ್ಣಿಗೆ ಬೀಳಲಿ. ಹೌಸ್ ಫಾರ್ ರೆಂಟ್. ಕೆಳಗೆ, ವೆಲ್ ಫರ್ನಿಷ್ಡ್. ವೆಲ್ — ನೌನ್, ಬಾವಿ. ಫರ್ನಿಷ್ಡ್ — ಸಜ್ಜು ಮಾಡಿದ್ದು. ಬಿ.ಎ. ಓದಿದ್ದು ಎಲ್ಲಿ ಹೋಗುತ್ತದೆ!

"ಬಾವಿ ಅದೆ ಅಂತ ಕನ್ನಡದಲ್ಲೇ ಬರ್ದ್‌ಬುಡನಾ ಸಾ?" ಅಂದ ಮಂಟೇಸ್ವಾಮಿ.

"ಸುಮ್ನೆ ಬರಿಯೋ."

ಮಾರ್ಚ್ 20, ಗುರುವಾರ

ಇಬ್ಬರು ಬಂದರು, ಇಬ್ಬರೂ ಹೋದರು. ಮೊದಲನೆಯವರು ಬ್ಯಾಂಕಿನವರು. ಬಾಗಿಲು ತೆಗೆದದ್ದೇ, "ಸೋಫಾ ಎಲ್ಲಿ ಸಾರ್? ಮಂಚ?" ನಾನು ಬಾವಿ ಹತ್ತಿರ ಕರೆದೊಯ್ದು ರಾಟೆ ತಿರುಗಿಸಿ ತೋರಿಸಿದೆ. ಒಂದಿಷ್ಟೂ ಕಿರುಗುಟ್ಟಲಿಲ್ಲ. ಅವರು ನನ್ನ ಮುಖ ನೋಡುತ್ತಲೇ ಗೇಟಿನವರೆಗೆ ಹಿಂದೆ ಹಿಂದೆ ನಡೆದರು. ಎರಡನೆಯ ಹೆಂಗಸು ಫ್ರಿಜ್ ಕೇಳಿದರು.

ಏನಾಗಿದೆ ಜನಕ್ಕೆ? ನನ್ನ ಮನೆಯಲ್ಲಿ ಮಂಚ ಹುಡುಕುವ ಖಯಾಲಿ ಯಾಕೆ?

ಮಾರ್ಚ್ 22, ಶನಿವಾರ

ನಂಜೇಶ್ ಒಂದು ಟ್ರ್ಯಾಕ್ಟರ್ ಮಣ್ಣು ಕಳಿಸಿಯೇಬಿಟ್ಟ. ಗೇಟಿನ ಪಕ್ಕ ಗುಡ್ಡೆ. ಊಟ ಸೇರಲಿಲ್ಲ.

ಮಾರ್ಚ್ 23, ಭಾನುವಾರ, ಸಂಜೆ

ಸಿಕ್ಕಿದರು! ನಿಧಾನವಾಗಿ ಬರೆಯುತ್ತೇನೆ.

ಮೂರು ಗಂಟೆಗೆ ಒಂದು ಸ್ಕೂಟರ್. ಪವಿತ್ರಾ ಅಂತ, ತಾಲ್ಲೂಕು ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸ್. ಹಿಂದೆ ತಾಯಿ ಮಂಗಳಮ್ಮ, ಚಿಕ್ಕಯ್ಯನಛತ್ರದ ಕಡೆಯವರು. ಹುಡುಗಿ ಬೋರ್ಡ್ ನೋಡಿದಳು, ಖಾಲಿ ಮನೆ ನೋಡಿದಳು, ಬಾವಿ ನೋಡಿದಳು… ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಂಕಲ್, ವೆಲ್ ಫರ್ನಿಷ್ಡ್ ಅಂದ್ರೆ ಮಂಚ, ಕುರ್ಚಿ ಎಲ್ಲಾ ಇರೋ ಮನೆ!"

ಅಯ್ಯೋ ಶಿವನೇ. ಆ ಬ್ಯಾಂಕಿನವರು…!

ಮಂಗಳಮ್ಮ ನಗಲಿಲ್ಲ. ಬಾವಿಯಿಂದ ಎರಡು ಮಾರು ದೂರ ನಿಂತಿದ್ದರು. "ಯಾವ ಜನ ಅಂತ ಕೇಳ್ನೇ ಇಲ್ವಲ್ಲ ಸಾ ನೀವು? ಓದ್ ಕಡೆಲ್ಲಾ ಬಾಗ್ಲು ತೆಗೆಯಕ್ ಮುಂಚೆ ಅದ್ನೇ ಕೇಳವ್ರೆ. ಇಲ್ಲಿ ಬಾವಿ ಬೇರೆ ಅದೆ."

"ಸೇದೋಕೆ ಬರುತ್ತಾ ಅಂತ ಕೇಳೋಣ ಅಂತಿದ್ದೆ ಕಣಮ್ಮ. ನನ್ನ ಸೊಂಟ ರಾಜೀನಾಮೆ ಕೊಟ್ಟು ವರ್ಷವಾಯ್ತು."

ಮಂಗಳಮ್ಮ ಬಾವಿಕಟ್ಟೆಗೆ ಬಂದರು. ಸೆರಗು ಸಿಕ್ಕಿಸಿ, ಜಾಲರಿ ಸರಿಸಿ, ಸರ್‍ರನೆ ಬಿಂದಿಗೆ ಇಳಿಬಿಟ್ಟರು. ಸೇದಿ, ಬೊಗಸೆಯಲ್ಲಿ ಕುಡಿದು — "ಸೀ ನೀರು ಸಾ! ಬೇಳೆ ಬೆಣ್ಣೆಯಂಗೆ ಬೇಯ್ತದೆ."

ಮಂಟೇಸ್ವಾಮಿ ಬಳಿದ ಹಸಿರು ಗೋಡೆಯನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತೆ. ಕಣ್ಣಿಗೆ ಒಳ್ಳೆಯದಂತೆ ಹಸಿರು.

ಅಷ್ಟರಲ್ಲಿ ನಂಜೇಶ್ ಬಂದ. ಮನೆಗೆ ಜನ ಸಿಕ್ಕಿದರು, ಬಾವಿ ಉಳಿಯಿತು ಅಂದೆ. ಮುಖ ಸಪ್ಪೆ. "ಮತ್ತೆ ಈ ಮಣ್ಣು, ಮಾವ?"

"ಗ್ವಾಡೆ ಪಕ್ಕ ಅರಡಪ್ಪ, ಬಸಳೆ ಆಕ್ತೀನಿ," ಅಂದರು ಮಂಗಳಮ್ಮ, ಆಗಲೇ ಮನೆಯವರ ಹಾಗೆ. ಅಳಿಯ ಪ್ಯಾಂಟು ಮಡಚಿ ಸನಿಕೆ ಹಿಡಿದ. ಇದನ್ನು ನೋಡಲು ಸಿದ್ದಲಿಂಗಮ್ಮ ಇರಬೇಕಿತ್ತು.

ಬುಧವಾರ ಸಾಮಾನು ತರುತ್ತಾರೆ. ಬೋರ್ಡ್ ಬಿಚ್ಚಿದೆ. ಬಿಸಾಡಬೇಡಿ ಅಂದಳು ಪವಿತ್ರಾ. ಮೇಲಿನ ಸಾಲಿಗೆ ಬಣ್ಣ ಬಳಿದು, ಕೆಳಗಿನದನ್ನು ಉಳಿಸಿ, ರಾಟೆಯ ಕಂಬಕ್ಕೆ ತಾನೇ ಕಟ್ಟಿದಳು. "ಇಲ್ಲಿ ನಿಮ್ಮ ಇಂಗ್ಲಿಷ್ ಕರೆಕ್ಟು ಅಂಕಲ್."

ಬಾವಿಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಮಂಗಳಮ್ಮ ಸೇದಿಟ್ಟ ಬಿಂದಿಗೆ ಪಕ್ಕದಲ್ಲೇ ಇದೆ. ಇವತ್ತು ಬೇಳೆ ಇಡಬೇಕು. ಒಂದು ಪಾವಿಗೆ ನೀರು ಎಷ್ಟು ಅಂದಿದ್ದಳು ಸಿದ್ದಲಿಂಗಮ್ಮ… ಎರಡೋ, ಮೂರೋ… ಬೆಳಕು ಹೋಗುತ್ತಿದೆ, ಅಕ್ಷರ ಕಾಣ…