ಇಳಿಯುವಾಗ ಕೂಸನ್ನು ಎಬ್ಬಿಸಲೇ

೨೧೪೦, ಫೆಬ್ರವರಿ ೩೦
ಹುಬ್ಬಳ್ಳಿ, ಬೆಳಗಿನ ಜಾವ ಮೂರು ಗಂಟೆ ಹತ್ತು ನಿಮಿಷ

ಪ್ರೀತಿಯ ಅನುಪಮಾ ಅಜ್ಜಿಗೆ ಸುರಗಿ ಮಾಡುವ ನಮಸ್ಕಾರ.

ಕೂಸಿನ ಕೈಬಳೆಯ ಗೆಜ್ಜೆ ಸದ್ದಿಗೆ ಎಚ್ಚರವಾಯಿತು. ಮಿಣುಕು, ನನ್ನ ಆರು ತಿಂಗಳ ಮಗಳು, ನಿದ್ದೆಯಲ್ಲೇ ಕೈಯೆತ್ತಿ ಬಲಗಿವಿ ಮುಟ್ಟಿಕೊಂಡಳು, ಅಷ್ಟೇ. ಮತ್ತೆ ಮಲಗಿದಳು. ನನಗೆ ನಿದ್ದೆ ಬರಲಿಲ್ಲ.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ನಿಮ್ಮ ಮರಿಮಗಳ ಸೊಸೆ. ಈ ಕಾಗದ ತಲುಪುವಾಗ ನಿಮಗೆ ಇಪ್ಪತ್ತೆಂಟು, ನನಗೆ ಇಪ್ಪತ್ತೊಂಬತ್ತು. ನನಗಿಂತ ಚಿಕ್ಕವರನ್ನು ಅಜ್ಜಿ ಎನ್ನಲು ನಾಚಿಕೆಯಾಗುತ್ತದೆ. ಹಾಗನ್ನದಿದ್ದರೆ ಅತ್ತೆ ಬಿಡುವುದಿಲ್ಲ. ಇದನ್ನು ತರುವುದು ಹಿನ್ನಂಚೆ, ಅಂದರೆ ಹಿಂದಿನ ಕಾಲಕ್ಕೆ ಹೋಗುವ ಅಂಚೆ. ಮನೆಯಲ್ಲಿ ಮಗು ಹುಟ್ಟಿದರೆ ಒಂದೇ ಒಂದು ಕಾಗದ ಬರೆಯಲು ಅವಕಾಶ ಕೊಡುತ್ತಾರೆ. ಎಲ್ಲರೂ ಹೆಸರಿಟ್ಟ ಸುದ್ದಿ ಬರೆಯುತ್ತಾರೆ. ನಾನು ಕಿವಿನೋವಿನ ಬಗ್ಗೆ ಬರೆಯುತ್ತಿದ್ದೇನೆ.

ನಿಮ್ಮ ವಿಮಾನಗಳು ಹೋಗಿ ಎಷ್ಟೋ ಕಾಲವಾಯಿತು. ಆಮೇಲೆ ಬಂದ ಗಾಳಿಹಡಗುಗಳು ನೆಲದ ಗಾಳಿಯನ್ನೇ ಹೊಟ್ಟೆಯಲ್ಲಿ ತುಂಬಿಕೊಂಡು ಹಾರುತ್ತಿದ್ದವು. ಮನೆಯ ಪಡಸಾಲೆಯಲ್ಲಿ ಕುಳಿತಂತೆ ಇರುತ್ತಿತ್ತಂತೆ. ಮೂರು ತಲೆಮಾರು ಯಾರಿಗೂ ಪ್ರಯಾಣದಲ್ಲಿ ಕಿವಿ ಕಟ್ಟಿಲ್ಲ. ಹೋದ ವರ್ಷ ಅವು ಭಾರವೆಂದು ನಿಲ್ಲಿಸಿ ಎಲೆನೌಕೆ ತಂದರು. ಹೆಸರಿಗೆ ತಕ್ಕ ಹಾಗೆ ಹಗುರ, ತೆಳ್ಳಗೆ. ಹತ್ತಿದಾಗ ಬುತ್ತಿಯ ವಾಸನೆ, ಪಕ್ಕದವರ ಮೊಣಕೈ, ಕಿಟಕಿಗೆ ಅಂಟಿದ ಮಕ್ಕಳ ಮೂಗು, ಎಲ್ಲ ನಿಮ್ಮ ಕಾಲದ ಹಾಗೇ ಇರಬೇಕು. ಆದರೆ ಅದು ಇಳಿಯುವಾಗ ಕಿವಿಯೊಳಗೆ ಯಾರೋ ಹೆಬ್ಬೆರಳಿಟ್ಟು ಒತ್ತಿದಂತಾಗುತ್ತದೆ. ದೊಡ್ಡವರು ಆಕಳಿಸುತ್ತಾರೆ, ಉಗುಳು ನುಂಗುತ್ತಾರೆ, ಹೇಗೋ ಬಿಡಿಸಿಕೊಳ್ಳುತ್ತಾರೆ. ಕೂಸಿಗೆ ನುಂಗು ಎಂದು ಹೇಳುವುದು ಹೇಗೆ? ನಮ್ಮ ವೈದ್ಯಪೆಟ್ಟಿಗೆ, ಮನೆಯಲ್ಲೇ ಇದ್ದು ಮೈ ನೋಡುವ ಯಂತ್ರ ಅದು, ನಿನ್ನೆಯೂ ಪರೀಕ್ಷಿಸಿ ನೆಗಡಿಯಿಲ್ಲ, ಸೋಂಕಿಲ್ಲ, ಕಿವಿ ಚೆನ್ನಾಗಿದೆ ಎಂದಿತು. ಹಾರುವಾಗ ಯಾಕೆ ನೋಯುತ್ತದೆ ಎಂದರೆ ಅಂಥ ದಾಖಲೆಯೇ ಇಲ್ಲವಂತೆ.

ಹೋದ ತಿಂಗಳು ಬಾಣಂತನ ಮುಗಿಸಿ ತವರೂರು ಕಾರವಾರದಿಂದ ಬರುವಾಗ ಕರೆದುಕೊಂಡು ಬರಲು ಅತ್ತೆಯೇ ಬಂದಿದ್ದರು. ಮಿಣುಕುವಿನ ಎರಡೂ ಕಿವಿಗೆ ಹತ್ತಿ ಇಟ್ಟು, ತಲೆಗೆ ಕುಂಚಿಗೆ ಕಟ್ಟಿ, ತೊಡೆಯ ಮೇಲೆ ಮಲಗಿಸಿಕೊಂಡರು. ನೌಕೆ ಇಳಿಯಲು ಶುರುವಾದಾಗ ನನ್ನ ಕಿವಿ ಕಟ್ಟಿತು. ಎಬ್ಬಿಸಿ ಹಾಲು ಕೊಡಲೇ ಎಂದು ಕೇಳಿದೆ. ಕೂಸು ನಿದ್ದೆಯಲ್ಲಿ ನಗುತ್ತಿತ್ತು.

"ಮಲಗಿದ ಕೂಸನ್ನ ಎಬ್ಬಿಸ್ತಾರೇನವಾ? ಶೆಟಗೆವ್ವ ನಗಸಾಕತ್ತಾಳ. ನಡುವ ಕೈ ಹಾಕಬ್ಯಾಡ," ಎಂದರು ಅತ್ತೆ.

ನಿದ್ದೆಯಲ್ಲಿ ಮಕ್ಕಳನ್ನು ಆಡಿಸುವ ಆ ತಾಯಿಯ ಮೇಲೆ ಈ ಮನೆಯಲ್ಲಿ ಎಷ್ಟು ನಂಬಿಕೆ ಎಂದು ನಿಮಗೇ ಗೊತ್ತು. ನಾನು ಎಬ್ಬಿಸಲಿಲ್ಲ. ನಗುತ್ತಿದ್ದ ಮುಖ ಒಮ್ಮೆಲೇ ಕಿವುಚಿಕೊಂಡಿತು. ಅವಳು ಅಳಲಿಲ್ಲ ಅಜ್ಜಿ, ಚೀರಿದಳು. ಕಿವಿಯ ಕಡೆ ಕೈ ಒಯ್ಯುತ್ತಾಳೆ, ಹತ್ತಿ ಸಿಗುತ್ತದೆ, ಮತ್ತೆ ಚೀರುತ್ತಾಳೆ. ಹಾಲು ಕೊಡಹೋದರೆ ಬಾಯಿಗೆ ತೆಗೆದುಕೊಳ್ಳಲಿಲ್ಲ. ನೆಲ ಮುಟ್ಟಿದ ಮೇಲೂ ಒಂದು ತಾಸು ಬಿಕ್ಕುತ್ತಿದ್ದಳು. ಅತ್ತೆ ಅವತ್ತು ರಾತ್ರಿ ಊಟ ಮಾಡಲಿಲ್ಲ.

ಇವತ್ತು ಮತ್ತೆ ಹೋಗಬೇಕು. ಹನ್ನೊಂದು ಗಂಟೆಗೆ ಕಾರವಾರದಲ್ಲಿ ನನ್ನ ಅಣ್ಣನ ತೊಡೆಯ ಮೇಲೆ ಕೂಡಿಸಿ ಅವಳ ಕಿವಿ ಚುಚ್ಚಬೇಕು. ಘಟ್ಟದ ರಸ್ತೆಯನ್ನು ಕಾಡಿಗೆ ಬಿಟ್ಟುಕೊಟ್ಟು ನಲವತ್ತು ವರ್ಷವಾಯಿತು, ಬೇರೆ ದಾರಿಯಿಲ್ಲ. "ಕಿವಿ ಚುಚ್ಚಸಾಕ ಹೊಂಟಾಕಿ ಕಿವಿನೋವಿಗೆ ಅಂಜತಿಯಲ್ಲ," ಎಂದು ಅತ್ತೆ ನಿನ್ನೆ ಚುಡಾಯಿಸಿದರು. ಚುಚ್ಚುವ ನೋವು ಒಂದು ಗಳಿಗೆ. ಅದಕ್ಕೆ ಮಾವನ ತೊಡೆಯಿದೆ, ಬೆಲ್ಲವಿದೆ, ಸುತ್ತ ನಗುವವರಿದ್ದಾರೆ. ಇದಕ್ಕೆ ಯಾರಿದ್ದಾರೆ?

ನೀವಿದ್ದೀರಿ. ನಿಮ್ಮ ಮಗಳನ್ನು ಆರನೇ ತಿಂಗಳಲ್ಲಿ ವಿಮಾನದಲ್ಲಿ ಕರೆದುಕೊಂಡು ಹೋದಿರಂತೆ, ಅವಳು ಒಂದು ಸಲವೂ ಅಳಲಿಲ್ಲವಂತೆ. ಅವಳು ಮುದುಕಿಯಾದ ಮೇಲೂ ಅದನ್ನೇ ಹೇಳಿಕೊಂಡು ಬೀಗುತ್ತಿದ್ದಳು ಎನ್ನುತ್ತಾರೆ ಅವಳ ಮೊಮ್ಮಗಳಾದ ನನ್ನ ಅತ್ತೆ. ಬಂದ ಮೇಲೆ ನೀವು ಬರೆದಿಟ್ಟ ಟಿಪ್ಪಣಿ ನಮ್ಮಲ್ಲಿದೆ. ನೀಲಿ ರಟ್ಟಿನ ಪುಸ್ತಕ, ಮೆಂತ್ಯದ ಲಾಡು ಮಾಡುವ ವಿಧಾನದ ಕೆಳಗೆ. "ಇಳಿಯಾಕ ಶುರುವಾದ ಕೂಡಲೇ ಕೂಸನ್ನ" ಎಂದು ಬರೆದಿದ್ದೀರಿ. ಅಲ್ಲಿಂದ ಮುಂದೆ ಅಂಗೈಯಗಲ ಹರಳೆಣ್ಣೆಯ ಕಲೆ. ಕಲೆಯ ಕೆಳಗೆ ಒಂದು ಸಾಲು ಉಳಿದಿದೆ: "ಯಾರು ಬೈದರೂ ಬೈಲಿ."

ನಾನು ಓದಿಕೊಂಡವಳು, ಊಹೆ ಮಾಡಬಲ್ಲೆ. ಮಲಗಿಸಿದ್ದಕ್ಕೆ ಯಾರೂ ಬೈಯುವುದಿಲ್ಲ. ನೀವು ಮಲಗಿದ್ದ ಮಗಳನ್ನು ಎಬ್ಬಿಸಿದಿರಿ, ನೋವು ಶುರುವಾಗುವ ಮೊದಲೇ ಎದೆಗೆ ಹಾಕಿಕೊಂಡಿರಿ. ಅವಳು ನುಂಗುತ್ತ ನುಂಗುತ್ತ ಕಿವಿ ಬಿಡಿಸಿಕೊಂಡಳು. ಹೀಗೆಂದು ಅತ್ತೆಗೆ ಹೇಳಿದೆ. ಅವರು ಆ ಕಲೆಯ ಮೇಲೆ ಬೆರಳಿಟ್ಟರು. "ಇದು ನಿನ್ನ ಮಾತು. ನಂಗ ಆಕಿ ಮಾತು ಬೇಕು. ಆಕಿ ಎಬ್ಬಸು ಅಂದ್ರ ನಾನ ಎಬ್ಬಸ್ತೀನಿ," ಎಂದರು. ಹಟವಲ್ಲ ಅಜ್ಜಿ. ಹೋದ ಸಲ ತಾನು ತಡೆದದ್ದೇ ತಪ್ಪು ಎಂದು ಒಪ್ಪಿಕೊಳ್ಳಲು ಅವರಿಗೆ ಮನೆಯ ಹಿರಿಯರೊಬ್ಬರು ಬೇಕಾಗಿದ್ದಾರೆ. ನೀವು ಇಪ್ಪತ್ತೆಂಟರ ಹಿರಿಯರು.

ಆದ್ದರಿಂದ ಇಷ್ಟು ಮಾಡಿ. ಹಿನ್ನಂಚೆಗೆ ಕಾಗದದಲ್ಲಿ ಉತ್ತರ ಕಳಿಸಲು ಬರುವುದಿಲ್ಲ, ದನಿ ಮಾತ್ರ ಬರುತ್ತದೆ. ನಿಮ್ಮ ಫೋನಿನಲ್ಲಿ ಮಗಳ ಹುಟ್ಟಿದ ತಾರೀಖು ಒತ್ತಿದರೆ ನಮ್ಮ ತೊಟ್ಟಿಲ ಪಕ್ಕದ ಕರೆಗಲ್ಲು ಮೊಳಗುತ್ತದೆ. ಅದು ಕಪ್ಪು ಸಣ್ಣ ಕಲ್ಲು, ಹಿಂದಿನವರ ದನಿ ಬರುವುದು ಅದರಲ್ಲೇ. ಎಬ್ಬಿಸು, ಕುಡಿಸು ಎಂಬ ಎರಡೇ ಮಾತು ಸಾಕು. ಅಥವಾ ನನ್ನ ಊಹೆ ತಪ್ಪಾಗಿದ್ದರೆ ತಪ್ಪು ಎನ್ನಿ. ಹಾಗೇ ಆ ನೀಲಿ ಪುಸ್ತಕವನ್ನು ಹರಳೆಣ್ಣೆ ಸೀಸೆಯ ಪಕ್ಕದಿಂದ ತೆಗೆದಿಡಿ.

ಆರೂವರೆಗೆ ನೌಕೆ ಹೊರಡುತ್ತದೆ. ಅತ್ತೆಯೂ ಮಲಗಿಲ್ಲ, ತಲೆ ಬಾಚಿಕೊಂಡು, ಬೀಗರ ಮನೆಗೆ ಉಡುವ ಸೀರೆ ಉಟ್ಟು, ಕರೆಗಲ್ಲಿನ ಮುಂದೆ ಕುಳಿತಿದ್ದಾರೆ. ಸಣ್ಣವರಿದ್ದಾಗ ತಮ್ಮ ಅಜ್ಜಿಯ ಬಾಯಲ್ಲಿ ನಿಮ್ಮ ಸುದ್ದಿ ಕೇಳಿದ್ದಷ್ಟೇ, ನಿಮ್ಮ ದನಿ ಹೇಗಿರಬಹುದು ಎಂದು ನನ್ನನ್ನು ಎರಡು ಸಲ ಕೇಳಿದರು. ಬೆಳಗಾಗುವುದರೊಳಗೆ ಫೋನ್ ಮಾಡಿ ಅಜ್ಜಿ. ನಿಮ್ಮ ಕೂಸು ಎಚ್ಚರವಿದ್ದರೂ ಪರವಾಗಿಲ್ಲ, ಎತ್ತಿಕೊಂಡೇ ಮಾಡಿ.