ಪೂರ್ವಕ್ಕೆ ಬೆನ್ನು

ಅಪ್ಪಾ,

ಇವತ್ತು ನಿಮ್ಮ ಸಮಾಧಿಗೆ ಕಲ್ಲಿನ ಶಿಲುಬೆ ನಿಲ್ಲಿಸಲು ಹೋಗಿದ್ದೆ. ಗುಂಡಿ ತೋಡುವವನು ಕತ್ತು ಕೆರೆದುಕೊಂಡು, "ಅಮ್ಮಾ, ಬೈಬೇಡಿ. ಅವತ್ತು ಪೆಟ್ಟಿಗೆ ಹಿಂದಿನ ಗೇಟಿಂದ ಬಂತು, ಗಡಿಬಿಡೀಲಿ ತಿರುಗಿಸೋದೇ ಮರೆತ್ವಿ. ಎಲ್ಲರ ಕಾಲಿರೋ ಪೂರ್ವದ ಕಡೆ ಇವರ ತಲೆ ಇದೆ" ಅಂದ.

ಕರ್ತನು ಪೂರ್ವದಿಂದ ಬರುತ್ತಾನೆ, ಸತ್ತವರು ಎದ್ದು ನಿಂತಾಗ ಮುಖ ಅವನ ಕಡೆಗೇ ಇರಬೇಕು ಎಂದು ಜೀವನವಿಡೀ ಹೇಳಿದವರು ನೀವು. ಅಮ್ಮನನ್ನು ಮಣ್ಣು ಮಾಡುವಾಗ ಬಿಸಿಲಲ್ಲಿ ನಿಂತು ದಿಕ್ಕು ನೋಡಿದ್ದಿರಿ. ಈಗ ಅವಳ ಮುಖ ಆ ಕಡೆ, ನಿಮ್ಮದು ಈ ಕಡೆ. ಬದುಕಿದ್ದಾಗಲೂ ಹಾಗೇ ಇದ್ದಿರಿ ಬಿಡಿ.

"ತೆಗೆದು ಸರಿಯಾಗಿ ಇಡ್ಲಾ?" ಎಂದು ಕೇಳಿದ. ನಾನು ಇದನ್ನೆಲ್ಲ ನಂಬುವವಳಲ್ಲ. ಬೇಡ ಎಂದುಬಿಡಬಹುದಿತ್ತು. ನಂಬದ ಮೇಲೆ ನನಗೇಕೆ ಈ ಪೇಚಾಟ? ನಾಳೆ ಹೇಳುತ್ತೇನೆ ಎಂದು ಬಂದುಬಿಟ್ಟೆ. ಶಿಲುಬೆ ಇನ್ನೂ ಗೋಡೆಗೊರಗಿ ನಿಂತಿದೆ.

ತೀರ್ಪು ಕೊಡಲು ಬರುವವನು ಇಷ್ಟಕ್ಕೆಲ್ಲ ತಪ್ಪು ಹಿಡಿಯುತ್ತಾನೆಯೇ? ಹಿಂದಿನಿಂದ ಕರೆದರಾಯಿತು, ಅಷ್ಟೇ ತಾನೆ ಅಂದುಕೊಂಡೆ. ಆದರೆ ನಿಮ್ಮ ಹಠ ನನಗೆ ಗೊತ್ತಲ್ಲ. ಕರೆದರೆ ತಿರುಗುತ್ತೀರಾ, ಅಪ್ಪಾ? ನಾನು ಮನೆ ಬಿಟ್ಟ ದಿನ ಹೊಸಿಲಲ್ಲಿ ನಿಂತು, ನಿಮ್ಮ ಬೆನ್ನನ್ನೇ ನೋಡುತ್ತಾ ನಾನೂ ಕರೆದಿದ್ದೆ.